ಮಳೆಗಾಲದಿಂದ ಚಳಿಗಾಲಕ್ಕೆ ಹೊರಳುವ ತೋಟ ಮತ್ತು ಹಿತ್ತಲು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಒಂದಕ್ಕೊಂದು ತಾಗಿಕೊಂಡಿದ್ದರೂ ಹವಾಗುಣದ ದೃಷ್ಟಿಯಿಂದ ಒಂದೇ ಅಲ್ಲ. ರಾಜ್ಯದ ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಸೊರಬವು ಗುಡ್ಡಗಾಡು ವಲಯಕ್ಕೂ ಶಿಕಾರಿಪುರವು ದಕ್ಷಿಣ ಸಂಕ್ರಮಣ ವಲಯಕ್ಕೂ ಸೇರಿವೆ. ಮಲ್ಲಿಕಾರ್ಜುನ ದೇವಾಲಯದಿಂದ ಹೆಸರಾದ ತೊಗರ್ಸಿ ಮತ್ತು ಅದರ ಸುತ್ತಲಿನ ಹಳ್ಳಿಗಳು ಈ ಎರಡು ವಲಯಗಳ ಅಂಚಿನಲ್ಲಿವೆ. ಮಳೆಗಾಲದಲ್ಲಿ ಮಲೆನಾಡಿನ ತೇವ, ಬೇಸಿಗೆಯಲ್ಲಿ ಬಯಲುಸೀಮೆಯ ಬಿಸಿಲು, ಇವೆರಡನ್ನೂ ಇಲ್ಲಿನ ತೋಟಗಳು ತಾಳಿಕೊಳ್ಳಬೇಕು.

ಇಂತಹ ಪ್ರದೇಶದಲ್ಲಿ ಆಶ್ವಯುಜದಿಂದ ಪುಷ್ಯದವರೆಗಿನ ಅವಧಿ ಬಹಳ ಮುಖ್ಯವಾದುದು. ಶರದೃತು ಕಳೆದು ಹೇಮಂತ ಕಾಲಿಡುವ ಈ ದಿನಗಳಲ್ಲಿ ತೋಟ ಹಸಿರಾಗಿ, ತುಂಬಿದಂತೆ ಕಾಣುತ್ತದೆ. ಕೆರೆಯಲ್ಲಿ ನೀರಿರುತ್ತದೆ, ಬಾವಿಯ ಮಟ್ಟವೂ ಮೇಲಿರುತ್ತದೆ. ಅದೇ ವೇಳೆಗೆ ಭತ್ತದ ಕೊಯ್ಲು, ಅಡಿಕೆ ಕೊಯ್ಲು ಎರಡೂ ಬಂದು ಆಳುಗಳು ಸಿಗುವುದು ಕಷ್ಟವಾಗುತ್ತದೆ. ಆದ್ದರಿಂದ ತೋಟದ ನೆಲದ ಕಡೆ ಗಮನ ಕಡಿಮೆಯಾಗುವುದು ಸಹಜ. ಮಾರ್ಚ್ ತಿಂಗಳಲ್ಲಿ ಸೋಗೆ ಜೋತು ಬಿದ್ದಾಗ ನೀರಿಗಾಗಿ ಪರದಾಡುವುದು ವಾಡಿಕೆಯಾಗಿದೆ. ಆದರೆ ಬೇಸಿಗೆಯ ತೊಂದರೆಗೆ ಪರಿಹಾರವನ್ನು ಬೇಸಿಗೆಯಲ್ಲಿ ಹುಡುಕಿದರೆ ತಡವಾಗುತ್ತದೆ. ಅದರ ಬಹುಪಾಲು ಕೆಲಸ ಚಿತ್ತಾ, ಸ್ವಾತಿ ಮಳೆಗಳ ಹಿಂದೆಯೇ ಆಗಬೇಕು.

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅದರ ಬೆನ್ನಿಗೇ ಬಂದ 2024ರ ಬೇಸಿಗೆಯಲ್ಲಿ ಮಧ್ಯ ಕರ್ನಾಟಕದ ಅನೇಕ ಕಡೆ ಅಡಿಕೆ ತೋಟಗಳಿಗೆ ಟ್ಯಾಂಕರಿನಿಂದ ನೀರು ಹೊಯ್ಯಿಸಬೇಕಾಯಿತು. ಅಡಿಕೆ ಸಸಿ ನೆಟ್ಟ ಮೇಲೆ ಫಸಲು ಕಾಣಲು ಐದಾರು ವರ್ಷ ಕಾಯಬೇಕು. ಒಂದು ಬೇಸಿಗೆಯಲ್ಲಿ ಒಣಗಿದ ಮರ ಎಂದರೆ ಅಷ್ಟೂ ವರ್ಷಗಳ ಶ್ರಮ ಹೋದಂತೆಯೇ. ಈ ಕಾರಣದಿಂದ ಋತು ಬದಲಾಗುವ ಕಾಲದ ಕೆಲಸಗಳನ್ನು ರೈತರು ಕ್ರಮವಾಗಿ ತಿಳಿದುಕೊಳ್ಳುವುದು ಅವಶ್ಯಕ.

ಋತು ಬದಲಾಗುವ ಕುರುಹುಗಳು

ಸೆಪ್ಟೆಂಬರ್ ಕೊನೆಯ ಹಸ್ತ ಮಳೆಯವರೆಗೆ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ. ಅಕ್ಟೋಬರ್ ನಡುವಿನ ಚಿತ್ತಾ ಮಳೆಯ ವೇಳೆಗೆ ಅದು ತಿರುಗಿ ಮೂಡಗಾಳಿ ಮೊದಲಾಗುತ್ತದೆ. ಪಡುವಣ ಗಾಳಿ ಕಡಲಿನ ತೇವ ಹೊತ್ತು ತಂದರೆ ಮೂಡಗಾಳಿ ಒಣಗಾಳಿ. ಅದು ಎಲೆಯಿಂದಲೂ ನೆಲದಿಂದಲೂ ತೇವವನ್ನು ಹೀರುತ್ತದೆ. ಸ್ವಾತಿ ಕಳೆದು ವಿಶಾಖಾ ಬರುವಷ್ಟರಲ್ಲಿ ಬೆಳಗಿನ ಇಬ್ಬನಿ ದಟ್ಟವಾಗುತ್ತದೆ. ಮೋಡವಿಲ್ಲದ ರಾತ್ರಿಗಳಲ್ಲಿ ನೆಲದ ಕಾವು ಬೇಗ ಮೇಲಕ್ಕೆ ಹೋಗುವುದರಿಂದ ಚಳಿ ಹೆಚ್ಚಾಗುತ್ತದೆ. ಹಗಲು ಮಾತ್ರ ಬಿಸಿಲು ಚುರುಕಾಗಿಯೇ ಇರುತ್ತದೆ.

ಹಗಲಿನ ಉದ್ದವೂ ಕಡಿಮೆಯಾಗುತ್ತದೆ. ತೊಗರ್ಸಿ ಇರುವ ಅಕ್ಷಾಂಶದಲ್ಲಿ ಸೆಪ್ಟೆಂಬರ್ ಕೊನೆಯಲ್ಲಿ ಹಗಲು ಸುಮಾರು 12 ಗಂಟೆಗಳಷ್ಟಿದ್ದರೆ ಡಿಸೆಂಬರ್ ಮೂರನೆಯ ವಾರಕ್ಕೆ ಸುಮಾರು 11 ಗಂಟೆ 15 ನಿಮಿಷಕ್ಕೆ ಇಳಿಯುತ್ತದೆ. ವ್ಯತ್ಯಾಸ ಮುಕ್ಕಾಲು ಗಂಟೆಯೇ ಆದರೂ ಕೆಲವು ಗಿಡಗಳಿಗೆ ಇದು ದೊಡ್ಡ ಸೂಚನೆ. ನಾಟಿ ಅವರೆ ಎಷ್ಟೇ ಬೇಗ ಬಿತ್ತಿದರೂ ಹಗಲು ಕುಗ್ಗುವವರೆಗೆ ಬಳ್ಳಿ ಹಬ್ಬುತ್ತದೆಯೇ ಹೊರತು ಹೂ ಬಿಡುವುದಿಲ್ಲ. ಸೇವಂತಿಗೆಯೂ ಹೀಗೆಯೇ ಹಗಲು ಚಿಕ್ಕದಾದ ಮೇಲೆ ಮೊಗ್ಗು ಹಿಡಿಯುತ್ತದೆ. ಹಿತ್ತಲಿನ ಅವರೆ ಬಳ್ಳಿಯಲ್ಲಿ ಹೂ ಕಂಡಾಗ ಮಳೆಯನ್ನು ನಂಬಿ ಕೂರುವ ಕಾಲ ಮುಗಿಯಿತೆಂದು ತಿಳಿಯಬೇಕು.

ಆಶ್ವಯುಜ ಹುಣ್ಣಿಮೆಯಂದು ಈ ಸೀಮೆಯಲ್ಲಿ ಭೂಮಿ ಹುಣ್ಣಿಮೆ ಆಚರಿಸುತ್ತಾರೆ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆ ತೋಟಗಳಿಗೆ ಹೋಗಿ ಚರಗ ಚೆಲ್ಲುವ ಪದ್ಧತಿ ಇದೆ. ಮನೆಯವರೆಲ್ಲ ಜಮೀನಿನ ಮೂಲೆ ಮೂಲೆಗೂ ಹೋಗುವ ಆ ದಿನವೇ ಬಸಿಗಾಲುವೆ, ಬದು, ಬೇಲಿ, ರೋಗ ಬಿದ್ದ ಮರಗಳನ್ನು ಗುರುತು ಮಾಡಿಕೊಂಡರೆ ಮುಂದಿನ ಕೆಲಸ ಸುಲಭವಾಗುತ್ತದೆ.

ಕೊನೆಯ ಮಳೆಯ ಲೆಕ್ಕ

ಒಂದು ಎಕರೆ ಎಂದರೆ 4,047 ಚದರ ಮೀಟರು. ಅದರ ಮೇಲೆ ಒಂದು ಇಂಚು, ಅಂದರೆ 25 ಮಿಲಿಮೀಟರು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರು ನೀರು ಬಿದ್ದಂತಾಗುತ್ತದೆ. 9 ಅಡಿ ಅಂತರದಲ್ಲಿ ನೆಟ್ಟ ಅಡಿಕೆ ತೋಟದಲ್ಲಿ ಎಕರೆಗೆ ಸುಮಾರು 540 ಮರಗಳಿರುತ್ತವೆ. ಮರವೊಂದಕ್ಕೆ ಒಂದು ಸರದಿಗೆ 175 ಲೀಟರಿನಂತೆ ನೀರು ಕೊಟ್ಟರೆ ಒಟ್ಟು 94,500 ಲೀಟರು ಬೇಕಾಗುತ್ತದೆ. ಎಂದರೆ ಸ್ವಾತಿಯ ಒಂದು ಇಂಚು ಮಳೆ ಪಂಪು ಚಾಲೂ ಮಾಡದೆ ಸಿಗುವ ಒಂದು ಸರದಿ ನೀರಾವರಿಗೆ ಸಮ. ಈ ನೀರು ಹರಿದು ಹಳ್ಳ ಸೇರಿದರೆ ಅದೇ ಪ್ರಮಾಣವನ್ನು ಕೊಳವೆ ಬಾವಿಯಿಂದ ಎತ್ತಬೇಕಾಗುತ್ತದೆ.

ಒಂದೇ ಕೆರೆಯ ಕೆಳಗೆ ಅಕ್ಕಪಕ್ಕದಲ್ಲಿರುವ ಎರಡು ತೋಟಗಳನ್ನು ಊಹಿಸಿಕೊಳ್ಳಬಹುದು. ಒಂದರಲ್ಲಿ ಆಷಾಢದಲ್ಲಿ ತೆರೆದ ಬಸಿಗಾಲುವೆಗಳು ಕಾರ್ತಿಕದಲ್ಲೂ ಹಾಗೆಯೇ ತೆರೆದಿವೆ. ಮಳೆಯ ಹೊಡೆತಕ್ಕೆ ನೆಲದ ಮೇಲ್ಮೈ ಹೆಪ್ಪುಗಟ್ಟಿದೆ, ಕಳೆ ಮೊಣಕಾಲುದ್ದ ಬೆಳೆದಿದೆ. ಇನ್ನೊಂದರಲ್ಲಿ ಕಾಲುವೆಗೆ ಅಡ್ಡಗಟ್ಟು ಹಾಕಿ, ಹೆಪ್ಪು ಒಡೆದು, ಬುಡಕ್ಕೆ ಹೊದಿಕೆ ಹಾಸಿದೆ. ಎರಡಕ್ಕೂ ಬಿದ್ದ ಮಳೆ ಒಂದೇ. ಆದರೆ ಮೊದಲನೆಯ ತೋಟಕ್ಕೆ ಎರಡನೆಯದಕ್ಕಿಂತ ಮುಂಚೆಯೇ ನೀರು ಬೇಕಾಗುತ್ತದೆ. ಹೀಗೆ ಮುಂಚಿತವಾಗಿ ಮೊದಲಾದ ನೀರಾವರಿಯ ಭಾರ ಬೇಸಿಗೆಯ ಕೊನೆಯಲ್ಲಿ, ಬಾವಿ ಬತ್ತುವ ಹೊತ್ತಿಗೆ ತಿಳಿಯುತ್ತದೆ.

ಕೊನೆಯ ಮಳೆಯ ತೇವವನ್ನು ಉಳಿಸಲು ಮೂರು ಕೆಲಸಗಳನ್ನು ಮಾಡಬೇಕು.

1. ಬಸಿಗಾಲುವೆಗಳಿಗೆ ಅಡ್ಡಗಟ್ಟು: ಸ್ವಾತಿ ಮಳೆಯ ವೇಳೆಗೆ ಕಾಲುವೆಗಳಲ್ಲಿ ಅಲ್ಲಲ್ಲಿ ಮಣ್ಣಿನ ಸಣ್ಣ ಅಡ್ಡಗಟ್ಟುಗಳನ್ನು ಹಾಕಬೇಕು. ಹರಿಯುವ ನೀರು ನಿಂತು ಅಲ್ಲಿಯೇ ಇಂಗುತ್ತದೆ. ಆದರೆ ಕಾಲುವೆಗಳನ್ನು ಪೂರ್ತಿ ಮುಚ್ಚಬಾರದು. ನವೆಂಬರ್ ತಿಂಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಎರಡು ಮೂರು ದಿನ ಜಡಿಮಳೆ ಹಿಡಿಯುವುದುಂಟು. ಆಗ ನೀರು ನಿಂತರೆ ಬೇರಿಗೆ ಉಸಿರಾಡಲು ಗಾಳಿ ಸಿಗದೆ ಕೊಳೆಯುತ್ತದೆ. ಸಲಿಕೆಯಿಂದ ಒಂದೇ ಏಟಿಗೆ ಒಡೆಯಬಹುದಾದಂತೆ ಅಡ್ಡಗಟ್ಟು ಇರಬೇಕು.

2. ಹಗುರ ಅಗೆತ: ಮಳೆ ನಿಂತು ನೆಲ ಹದಕ್ಕೆ ಬಂದ ಕೂಡಲೇ ಮೇಲಿನ ಹೆಪ್ಪನ್ನು ಒಡೆಯುವಷ್ಟು ಮಾತ್ರ ಕೆದಕಬೇಕು. ಇದರಿಂದ ಕಳೆ ಸಾಯುತ್ತದೆ, ಮುಂದಿನ ಮಳೆ ಬೇಗ ಇಂಗುತ್ತದೆ. ಅಡಿಕೆಯ ಹೆಚ್ಚಿನ ಬೇರುಗಳು ಬುಡದಿಂದ ಒಂದು ಮೀಟರಿನೊಳಗೆ ಹರಡಿರುವುದರಿಂದ ಆಳವಾಗಿ ಅಗೆದು ಬೇರು ಕಡಿಯಬಾರದು. ಇಳಿಜಾರಿನ ತೋಟಗಳಲ್ಲಿ ಇಡೀ ನೆಲವನ್ನು ಕೆದಕದೆ ಪಾತಿಯಷ್ಟನ್ನೇ ಸಡಿಲಿಸಿ ಉಳಿದೆಡೆ ಕಳೆಯನ್ನು ಕತ್ತರಿಸಿ ಅಲ್ಲಿಯೇ ಹಾಸಬೇಕು.

3. ಹೊದಿಕೆ: ಉದುರಿದ ಸೋಗೆ, ಹಾಳೆಯ ಚೂರು, ತರಗೆಲೆ, ಹಸಿರು ಸೊಪ್ಪು, ಭತ್ತದ ಹುಲ್ಲಿನ ಕಸ, ಬಾಳೆಯ ಒಣಗಿದ ಎಲೆ, ಇವುಗಳಲ್ಲಿ ಸಿಕ್ಕಿದ್ದನ್ನು ಬುಡದ ಸುತ್ತ ಒಂದು ಗೇಣಿನಷ್ಟು ದಪ್ಪಗೆ ಹಾಸಬೇಕು. ಹೊದಿಕೆ ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಬೇಕು. ನೆಲ ಒಣಗಿದ ಮೇಲೆ ಹಾಸಿದ ಹೊದಿಕೆಗಿಂತ ತೇವವಿದ್ದಾಗ ಹಾಸಿದ ಹೊದಿಕೆಯ ಪ್ರಯೋಜನ ಹೆಚ್ಚು. ತೋಟದ ಕಸವನ್ನು ರಾಶಿ ಹಾಕಿ ಸುಡುವುದು ಗೊಬ್ಬರವನ್ನೂ ನೀರನ್ನೂ ಒಟ್ಟಿಗೆ ಕಳೆದುಕೊಂಡಂತೆ. ಆದರೆ ರೋಗ ತಗುಲಿದ ಕಾಯಿ, ಕೊನೆ ಮತ್ತು ಸೋಗೆಯನ್ನು ಮಾತ್ರ ಹೊದಿಕೆಗೆ ಬಳಸಬಾರದು.

ಅಡಿಕೆಗೆ ಗೊಬ್ಬರ

ಫಸಲು ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ ಮತ್ತು 140 ಗ್ರಾಂ ಪೊಟ್ಯಾಷ್ ಶಿಫಾರಸು ಮಾಡಲಾಗಿದೆ. ಇದರೊಂದಿಗೆ 12 ಕಿಲೋ ಹಸಿರು ಸೊಪ್ಪು ಮತ್ತು 12 ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಕೊಡಬೇಕು. ರಸಗೊಬ್ಬರದ ಅರ್ಧ ಭಾಗವನ್ನು ಮುಂಗಾರಿನ ಆರಂಭದಲ್ಲಿಯೂ ಉಳಿದ ಅರ್ಧವನ್ನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿಯೂ ಹಾಕುವುದು ಪದ್ಧತಿ. ಈ ಎರಡನೆಯ ಕಂತಿಗೆ ಮರವೊಂದಕ್ಕೆ ಸುಮಾರು 110 ಗ್ರಾಂ ಯೂರಿಯಾ, 100 ಗ್ರಾಂ ಶಿಲಾರಂಜಕ ಮತ್ತು 115 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬೇಕಾಗುತ್ತದೆ.

ಬುಡದಿಂದ ಮುಕ್ಕಾಲು ಮೀಟರಿನಿಂದ ಒಂದು ಮೀಟರಿನವರೆಗೆ ತಿಳಿಯಾದ ಪಾತಿ ಮಾಡಿ ಗೊಬ್ಬರ ಹರಡಿ ಮಣ್ಣು ಮತ್ತು ಸೊಪ್ಪಿನಿಂದ ಮುಚ್ಚಬೇಕು. ನೆಲ ಒಣಗಿದ ಮೇಲೆ ರಸಗೊಬ್ಬರ ಹಾಕಿದರೆ ಬೇರಿಗೆ ಸಿಗುವುದಿಲ್ಲ. ಚಿತ್ತಾ ಮಳೆಯ ತೇವ ಇರುವಾಗಲೇ ಈ ಕೆಲಸ ಮುಗಿಯಬೇಕು. ತಪ್ಪಿದರೆ ನೀರಾವರಿ ಮಾಡಿದ ನಂತರವೇ ಹಾಕಬೇಕು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ವರದಿಯಂತೆ ಪ್ರಮಾಣ ಬದಲಿಸುವುದು ಉತ್ತಮ.

ನೀರು ಕೊಡುವ ಕ್ರಮ

ಮೊದಲ ನೀರಾವರಿಯನ್ನು ಪಂಚಾಂಗ ನೋಡಿ ನಿರ್ಧರಿಸುವುದಕ್ಕಿಂತ ಮಣ್ಣು ನೋಡಿ ನಿರ್ಧರಿಸಬೇಕು. ಪಾತಿಯ ಅಂಚಿನಲ್ಲಿ ಒಂದು ಅಡಿ ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹಿಚುಕಬೇಕು. ಉಂಡೆ ಕಟ್ಟಿ ನಿಂತರೆ ಇನ್ನೂ ಕೆಲವು ದಿನ ಕಾಯಬಹುದು. ಉಂಡೆ ಕಟ್ಟದೆ ಪುಡಿಯಾದರೆ ನೀರು ಕೊಡುವ ಸಮಯ ಬಂದಿದೆ. ಮೇಲಿನ ಎರಡು ಅಂಗುಲ ಒಣಗಿತೆಂದು ಅವಸರ ಪಡಬೇಕಾಗಿಲ್ಲ.

ನವೆಂಬರ್, ಡಿಸೆಂಬರ್ ತಿಂಗಳಲ್ಲಿ 7 ರಿಂದ 8 ದಿನಗಳಿಗೊಮ್ಮೆ, ಜನವರಿ, ಫೆಬ್ರವರಿಯಲ್ಲಿ 6 ದಿನಗಳಿಗೊಮ್ಮೆ, ಮಾರ್ಚ್‌ನಿಂದ ಮೇವರೆಗೆ 3 ರಿಂದ 5 ದಿನಗಳಿಗೊಮ್ಮೆ ನೀರು ಕೊಡಬೇಕು. ಹನಿ ನೀರಾವರಿ ಇದ್ದರೆ ಮರವೊಂದಕ್ಕೆ ದಿನಕ್ಕೆ 16 ರಿಂದ 20 ಲೀಟರು ಸಾಕು. 16 ಲೀಟರಿನ ಲೆಕ್ಕದಲ್ಲಿ 540 ಮರಗಳಿಗೆ ವಾರಕ್ಕೆ 60,480 ಲೀಟರು ಆಗುತ್ತದೆ. ಮೇಲೆ ಹೇಳಿದ 94,500 ಲೀಟರಿಗೆ ಹೋಲಿಸಿದರೆ ವಾರಕ್ಕೆ ಎಕರೆಗೆ 34,000 ಲೀಟರು ಉಳಿತಾಯ. ಹನಿ ಕೊಳವೆಗಳ ರಂಧ್ರ ಕಟ್ಟಿಕೊಂಡಿವೆಯೇ, ಇಲಿ ಕಡಿದಿವೆಯೇ ಎಂಬುದನ್ನು ಮೊದಲ ನೀರಿಗೆ ಮುಂಚೆಯೇ ನೋಡಿಡಬೇಕು.

ಚಳಿಗಾಲದ ನೀರನ್ನು ಲಘುವಾಗಿ ಕಾಣಬಾರದು. ಅಡಿಕೆಯಲ್ಲಿ ಡಿಸೆಂಬರಿನಿಂದಲೇ ಹಿಂಗಾರ ಒಡೆಯಲು ಮೊದಲಾಗುತ್ತದೆ. ಆ ಸಮಯದಲ್ಲಿ ಮರಕ್ಕೆ ನೀರಿನ ಕೊರತೆಯಾದರೆ ಹರಳು ಉದುರುತ್ತದೆ. ಈ ವರ್ಷದ ಕೊನೆ ಇಳಿಸುತ್ತಿರುವಾಗಲೇ ಬರುವ ವರ್ಷದ ಫಸಲು ಮರದ ಮೇಲೆ ನಿರ್ಧಾರವಾಗುತ್ತಿರುತ್ತದೆ ಎಂಬುದನ್ನು ಮರೆಯಬಾರದು.

ದಕ್ಷಿಣದ ಬಿಸಿಲು

ಮಳೆಗಾಲದಲ್ಲಿ ತಲೆಯ ಮೇಲಿದ್ದ ಸೂರ್ಯ ಚಳಿಗಾಲದಲ್ಲಿ ದಕ್ಷಿಣಕ್ಕೆ ಸರಿಯುತ್ತಾನೆ. ಡಿಸೆಂಬರ್ 22ರ ಸುಮಾರಿಗೆ ತೊಗರ್ಸಿಯಲ್ಲಿ ನಡುಹಗಲಿನಲ್ಲೂ ಸೂರ್ಯ ನೆತ್ತಿಯಿಂದ ಸುಮಾರು 38 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಬಿಸಿಲು ಸೋಗೆಯ ಕೆಳಗಿನಿಂದ ನುಸುಳಿ ನೇರವಾಗಿ ಕಾಂಡಕ್ಕೆ ಬಡಿಯುತ್ತದೆ. ತೋಟದ ದಕ್ಷಿಣ ಮತ್ತು ನೈಋತ್ಯ ಅಂಚಿನ ಮರಗಳಿಗೆ, ಅದರಲ್ಲೂ ಎಳೆಯ ಮರಗಳಿಗೆ ಇದರಿಂದ ಹೆಚ್ಚು ಹಾನಿ. ಮೊದಲು ಕಾಂಡದ ಮೇಲೆ ಹೊಂಬಣ್ಣದ ಮಚ್ಚೆ ಕಾಣುತ್ತದೆ. ಅದು ಕಂದಾಗಿ, ಬಿರುಕು ಬಿಟ್ಟು, ಕೆಲವು ವರ್ಷಗಳ ನಂತರ ಗಾಳಿಗೆ ಮರ ಅಲ್ಲಿಯೇ ಮುರಿಯುತ್ತದೆ. ಒಮ್ಮೆ ಸುಟ್ಟ ಭಾಗ ಮತ್ತೆ ಸರಿಯಾಗುವುದಿಲ್ಲ.

ಆದ್ದರಿಂದ ನವೆಂಬರಿನಲ್ಲಿಯೇ ಅಂಚಿನ ಸಾಲಿನ ಕಾಂಡಗಳಿಗೆ ಅಡಿಕೆ ಸೋಗೆ ಅಥವಾ ಹಾಳೆಯನ್ನು ಸುತ್ತಿ ಕಟ್ಟಬೇಕು, ಇಲ್ಲವೆ ಸುಣ್ಣದ ನೀರು ಬಳಿಯಬೇಕು. ದಕ್ಷಿಣ ಮತ್ತು ಪಶ್ಚಿಮದ ಅಂಚಿನಲ್ಲಿ ಬೇಗ ಬೆಳೆಯುವ ಎತ್ತರದ ಮರಗಳನ್ನು ಬೆಳೆಸುವುದು ಶಾಶ್ವತ ಉಪಾಯ. ಹೊಸ ತೋಟ ಮಾಡುವವರು ಉತ್ತರ ದಕ್ಷಿಣದ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿ ನೆಟ್ಟರೆ ಒಂದು ಮರದ ನೆರಳು ಇನ್ನೊಂದಕ್ಕೆ ಸಿಗುತ್ತದೆ.

ರೋಗದ ಉಳಿಕೆ ತೆಗೆಯುವುದು

ಮಳೆ ನಿಂತೊಡನೆ ಕೊಳೆ ರೋಗದ ಭೀತಿ ಹೋಯಿತೆಂದು ರೈತರು ನಿರಾಳರಾಗುತ್ತಾರೆ. ಆದರೆ ರೋಗ ತಗುಲಿ ಒಣಗಿದ ಕೊನೆಗಳು ಮರದ ತಲೆಯಲ್ಲಿಯೇ ಉಳಿದರೆ ಸುಳಿ ಕೊಳೆಗೂ ಮುಂದಿನ ಮಳೆಗಾಲದ ಕೊಳೆ ರೋಗಕ್ಕೂ ಅದೇ ಮೂಲ. ಕೊನೆಗಾರರು ಮರ ಹತ್ತಿದಾಗಲೇ ಇವನ್ನೂ ಇಳಿಸಿ, ನೆಲದ ಮೇಲಿನ ಕೊಳೆತ ಕಾಯಿಗಳೊಂದಿಗೆ ಆರಿಸಿ ತೋಟದ ಹೊರಗೆ ಸುಡಬೇಕು. ಸುಳಿ ಹಳದಿಯಾಗಿ ಎಳೆದರೆ ಕಿತ್ತು ಬರುವ ಮರಗಳಲ್ಲಿ ಕೊಳೆತ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು ಶೇಕಡಾ 1ರ ಬೋರ್ಡೋ ದ್ರಾವಣ ಅಥವಾ ಮುಲಾಮು ಹಚ್ಚಬೇಕು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಮತ್ತು 100 ಲೀಟರು ನೀರು ಶೇಕಡಾ 1ರ ದ್ರಾವಣದ ಪ್ರಮಾಣ.

ಇತ್ತೀಚಿನ ವರ್ಷಗಳಲ್ಲಿ ಮಲೆನಾಡಿನ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕೆ ರೋಗದ ಬಗ್ಗೆಯೂ ಈ ಕಾಲದಲ್ಲಿ ಎಚ್ಚರ ಬೇಕು. ಚುಕ್ಕೆಗಳು ಕೂಡಿಕೊಂಡು ಒಣಗಿದ ಕೆಳಗಿನ ಸೋಗೆಗಳನ್ನು ತೆಗೆದು ಸುಡಬೇಕು. ಶಿಲೀಂಧ್ರನಾಶಕ ಸಿಂಪಡಿಸಬೇಕಾದರೆ ತೋಟಗಾರಿಕೆ ಇಲಾಖೆ ಅಥವಾ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆದು, ಅಕ್ಕಪಕ್ಕದ ತೋಟದವರೆಲ್ಲ ಒಂದೇ ಸಮಯದಲ್ಲಿ ಸಿಂಪಡಿಸಿದರೆ ಮಾತ್ರ ಪ್ರಯೋಜನ.

ಅಣಬೆ ರೋಗ ಇರುವ ತೋಟಗಳಲ್ಲಿ ಬುಡದಿಂದ ಕಂದು ಅಂಟು ಸೋರುವ ಮರಗಳನ್ನು ಗುರುತಿಸಬೇಕು. ಅವುಗಳ ಸುತ್ತ ಒಂದು ಮೀಟರು ದೂರದಲ್ಲಿ 60 ಸೆಂಟಿಮೀಟರು ಆಳ, 30 ಸೆಂಟಿಮೀಟರು ಅಗಲದ ಕಂದಕ ತೆಗೆದು ಪಕ್ಕದ ಮರಗಳ ಬೇರಿನಿಂದ ಬೇರ್ಪಡಿಸಬೇಕು. ಮರವೊಂದಕ್ಕೆ ವರ್ಷಕ್ಕೆ 2 ಕಿಲೋ ಬೇವಿನ ಹಿಂಡಿ ಕೊಡುವುದರಿಂದ ರೋಗ ಹರಡುವುದು ತಗ್ಗುತ್ತದೆ. ರೋಗದ ಮರದ ಪಾತಿಯಿಂದ ನೀರು ಹರಿದು ಇತರ ಮರಗಳಿಗೆ ಹೋಗದಂತೆಯೂ ನೋಡಿಕೊಳ್ಳಬೇಕು.

ಕೊಯ್ಲು ಮತ್ತು ಇಬ್ಬನಿ

ಬೇಯಿಸಿ ಕೆಂಪಡಿಕೆ ಮಾಡುವ ಈ ಭಾಗದಲ್ಲಿ 6 ರಿಂದ 7 ತಿಂಗಳ ಹಸಿರು ಕಾಯಿ ಕೊಯ್ಯಬೇಕು. ದೀಪಾವಳಿಯ ಆಸುಪಾಸಿನಿಂದ ಕೊಯ್ಲು ಬಿರುಸಾಗುತ್ತದೆ. ತಡವಾದರೆ ಕಾಯಿ ಹಣ್ಣಾಗಿ ಗೋಟಿಗೆ ಹೋಗುತ್ತದೆ. ಸುಲಿದು ಬೇಯಿಸಿದ ಅಡಿಕೆಗೆ ಈ ಕಾಲದಲ್ಲಿ ಇಬ್ಬನಿಯೇ ಶತ್ರು. ಹಗಲು ಒಣಗಿದ ಅಡಿಕೆ ರಾತ್ರಿ ಮತ್ತೆ ತೇವ ಹೀರಿದರೆ ಬೂಷ್ಟು ಹಿಡಿದು ಬಣ್ಣ ಕೆಡುತ್ತದೆ. ಸಂಜೆ ಬಿಸಿಲು ಇಳಿಯುವ ಮೊದಲೇ ಒಟ್ಟುಗೂಡಿಸಿ ಮುಚ್ಚಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹರಡಬೇಕು. ಬರಿ ನೆಲದ ಮೇಲೆ ಹರಡದೆ ಅಟ್ಟ ಅಥವಾ ಸ್ವಚ್ಛವಾದ ಕಣದಲ್ಲಿ ಒಣಗಿಸಬೇಕು.

ಮೆಣಸು, ಬಾಳೆ ಮತ್ತು ಶುಂಠಿ

ಅಡಿಕೆಗೆ ಹಬ್ಬಿಸಿದ ಕಾಳುಮೆಣಸು ಡಿಸೆಂಬರಿನಿಂದ ಕೊಯ್ಲಿಗೆ ಬರುತ್ತದೆ. ಕದಿರಿನ ಒಂದೆರಡು ಕಾಳು ಕೆಂಪಗಾದಾಗ ಕೊಯ್ಯುವುದು ಸರಿಯಾದ ಹದ. ಬಿಡಿಸಿದ ಕಾಳನ್ನು ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿದರೆ ಕಪ್ಪು ಬಣ್ಣ ಚೆನ್ನಾಗಿ ಬರುತ್ತದೆ. ಬಳ್ಳಿಯ ಬುಡವನ್ನು ಅಗೆಯದೆ ಹೊದಿಕೆ ಮಾತ್ರ ಹಾಕಬೇಕು. ಸೊರಗು ರೋಗದಿಂದ ಸತ್ತ ಬಳ್ಳಿಗಳನ್ನು ಬೇರು ಸಮೇತ ತೆಗೆದು ಸುಡಬೇಕು.

ಬಾಳೆಯ ಬೆಳವಣಿಗೆ ಚಳಿಯಲ್ಲಿ ನಿಧಾನವಾಗುತ್ತದೆ, ಗೊನೆ ಬಲಿಯಲು ಹೆಚ್ಚು ದಿನ ಬೇಕು. ಬೇಡದ ಕಂದುಗಳನ್ನು ತೆಗೆದು, ಗೊನೆ ಬಿಟ್ಟ ಗಿಡಕ್ಕೆ ಊರುಗೋಲು ಕೊಡಬೇಕು. ಕಡಿದ ಬಾಳೆಯ ದಿಂಡನ್ನು ಸೀಳಿ ಅಡಿಕೆಯ ಬುಡಕ್ಕೆ ಹಾಸಿದರೆ ನೀರಿನಂಶವೂ ಪೊಟ್ಯಾಷ್ ಸತ್ವವೂ ಅಲ್ಲಿಯೇ ಉಳಿಯುತ್ತವೆ.

ಶುಂಠಿಯ ಎಲೆ ಹಳದಿಯಾಗಿ ಒಣಗತೊಡಗುವುದು ಎಂಟು ತಿಂಗಳು ತುಂಬಿದ ಗುರುತು. ಬೀಜಕ್ಕೆ ಬಿಡುವ ಪಟ್ಟಿಯನ್ನು ಈಗಲೇ ಗುರುತಿಸಬೇಕು. ಗೆಡ್ಡೆ ಕೊಳೆ, ಹಸಿರು ಸೊರಗು ಕಂಡ ಪಟ್ಟಿಯಿಂದ ಎಷ್ಟೇ ದಪ್ಪ ಗೆಡ್ಡೆ ಸಿಕ್ಕರೂ ಬೀಜಕ್ಕೆ ಇಡಬಾರದು. ಗಿಡ ಪೂರ್ತಿ ಒಣಗಿದ ಮೇಲೆ ಅಗೆದ ಬೀಜದ ಗೆಡ್ಡೆಯನ್ನು ಲೀಟರಿಗೆ 3 ಗ್ರಾಂ ಮ್ಯಾಂಕೊಜೆಬ್ ಬೆರೆಸಿದ ನೀರಿನಲ್ಲಿ 30 ನಿಮಿಷ ನೆನೆಸಿ, ನೆರಳಲ್ಲಿ ಆರಿಸಿ, ಮಳೆ ಬಿಸಿಲು ತಾಗದ ಗುಂಡಿಯಲ್ಲಿ ಸಂಗ್ರಹಿಸಬೇಕು.

ಮನೆಯ ಹಿತ್ತಲು

ಹಿತ್ತಲಿನಲ್ಲಿ ಮಳೆಗಾಲದ ಬಳ್ಳಿಗಳು ಮುಗಿದು ಚಳಿಗಾಲದ ತರಕಾರಿಗೆ ಜಾಗ ಮಾಡುವ ಸಮಯವಿದು. ಒಣಗಿದ ಹೀರೆ, ಸೌತೆಯ ಬಳ್ಳಿ ತೆಗೆದು ಗೊಬ್ಬರದ ಗುಂಡಿಗೆ ಹಾಕಬೇಕು. ಬಲಿತ ಬೂದುಗುಂಬಳ, ಸಿಹಿಗುಂಬಳ ಮತ್ತು ಮೊಗೆಕಾಯಿಗಳನ್ನು ತೊಟ್ಟು ಸಮೇತ ಕೊಯ್ದು ಪೆಟ್ಟಾಗದಂತೆ ಗಾಳಿಯಾಡುವ ಕಡೆ ತೂಗುಹಾಕಿದರೆ ಹಲವು ತಿಂಗಳು ಕೆಡುವುದಿಲ್ಲ.

ಮೂಲಂಗಿ, ಕೊತ್ತಂಬರಿ, ಮೆಂತ್ಯ, ಹರಿವೆಗಳನ್ನು ಅಕ್ಟೋಬರ್ ಕೊನೆಯಿಂದ ಹದಿನೈದು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತಿದರೆ ಮನೆಗೆ ಸೊಪ್ಪು ಎಡೆಬಿಡದೆ ಸಿಗುತ್ತದೆ. ಎಲೆಕೋಸು, ಹೂಕೋಸು, ಟೊಮ್ಯಾಟೊ, ಬದನೆಗಳಿಗೆ ಒಂದು ಮೀಟರು ಅಗಲದ, ನೆಲದಿಂದ 10 ರಿಂದ 15 ಸೆಂಟಿಮೀಟರು ಎತ್ತರದ ಮಡಿಗಳಲ್ಲಿ ಸಸಿ ಎಬ್ಬಿಸಿ 25 ರಿಂದ 30 ದಿನಗಳ ಸಸಿ ನೆಡಬೇಕು. ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಬೆಳೆದ ಮಡಿಯಲ್ಲಿ ಮುಂದಿನ ಸಾಲಿಗೆ ಶುಂಠಿ ಹಾಕಬಾರದು. ನಾಟಿ ಅವರೆ ಈ ಕಾಲದಲ್ಲಿ ಹೂ, ಕಾಯಿ ಕೊಟ್ಟರೆ, ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ 3 ಮತ್ತು 4 ತಳಿಗಳನ್ನು ಹಗಲಿನ ಉದ್ದ ನೋಡದೆ ಯಾವ ಕಾಲದಲ್ಲಾದರೂ ಬಿತ್ತಬಹುದು.

ಇಬ್ಬನಿ ಮತ್ತು ಒಣಹವೆ ಕೂಡಿದಾಗ ಅವರೆ, ಅಲಸಂದೆ, ಸೌತೆ ಜಾತಿಯ ಬಳ್ಳಿಗಳಲ್ಲಿ ಬೂದಿ ರೋಗ ಕಾಣಿಸುತ್ತದೆ. ಅವರೆ, ಅಲಸಂದೆಗಳಿಗೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಬೆರೆಸಿ ಸಿಂಪಡಿಸಬಹುದು. ಸೌತೆ ಜಾತಿಯ ಬಳ್ಳಿಗಳಿಗೆ ಗಂಧಕದಿಂದ ಎಲೆ ಸುಡುವ ಸಂಭವ ಇರುವುದರಿಂದ ರೋಗದ ಎಲೆಗಳನ್ನು ಕಿತ್ತು ನಾಶಪಡಿಸುವುದು ಮೇಲು.

ಬಚ್ಚಲು ನೀರನ್ನು ರಸ್ತೆಗೆ ಬಿಡದೆ ಕಾಲುವೆ ಮಾಡಿ ಬಾಳೆ, ತೆಂಗು, ನುಗ್ಗೆಗಳ ಬುಡಕ್ಕೆ ತಿರುಗಿಸಬೇಕು. ಸಾಬೂನಿನ ನೀರು ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ಹೋಗಬಾರದು.

ಬೀಜ ಉಳಿಸುವ ಕಾಲವೂ ಇದೇ. ಅವರೆ, ಅಲಸಂದೆ, ಬೆಂಡೆಗಳಲ್ಲಿ ರೋಗವಿಲ್ಲದ, ಚೆನ್ನಾಗಿ ಫಸಲು ಕೊಟ್ಟ ಗಿಡಗಳಿಗೆ ದಾರ ಕಟ್ಟಿ ಗುರುತು ಮಾಡಬೇಕು. ಕೊನೆಗೆ ಉಳಿದ ಬಡಕಲು ಕಾಯಿಗಳನ್ನು ಬೀಜಕ್ಕೆ ಬಿಡುವ ರೂಢಿ ಒಳ್ಳೆಯದಲ್ಲ. ಹಲ್ಲಿನಲ್ಲಿ ಕಚ್ಚಿದರೆ ಟಕ್ಕನೆ ಒಡೆಯುವಷ್ಟು ಒಣಗಿಸಿ, ಬೂದಿ ಬೆರೆಸಿ, ಗಾಳಿಯಾಡದ ಡಬ್ಬದಲ್ಲಿಡಬೇಕು.

ಮಾವಿಗೆ ವಿಶ್ರಾಂತಿ

ತೋಟದ ಎಲ್ಲ ಮರಗಳಿಗೂ ಈ ಕಾಲದಲ್ಲಿ ನೀರು ಬೇಕೆಂದು ತಿಳಿಯಬಾರದು. ಫಸಲು ಕೊಡುವ ಮಾವಿನ ಮರಕ್ಕೆ ಹೂ ಬಿಡುವ ಮೊದಲು ತಂಪು ಮತ್ತು ಒಣ ವಿಶ್ರಾಂತಿ ಅವಶ್ಯಕ. ಅಕ್ಟೋಬರಿನಿಂದ ಹೂ ಬರುವವರೆಗೆ ನೀರು, ಸಾರಜನಕ ಗೊಬ್ಬರ ಕೊಟ್ಟರೆ ಹೂವಿನ ಬದಲು ಚಿಗುರು ಬರುತ್ತದೆ. ಕಾಯಿ ಬಟಾಣಿ ಗಾತ್ರವಾದ ಮೇಲೆ ನೀರು ಕೊಡಬೇಕು. ಎಳೆಯ ಮಾವಿನ ಸಸಿಗಳಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಅವುಗಳಿಗೆ ನೀರು ತಪ್ಪಿಸಬಾರದು.

ಕೆರೆಯ ನೀರು ಎಲ್ಲರ ನೀರು

ತೋಟದೊಳಗೆ ಎಷ್ಟೇ ಎಚ್ಚರ ವಹಿಸಿದರೂ ಕೆರೆ ಖಾಲಿಯಾದರೆ ಬಾವಿಗಳೂ ಬತ್ತುತ್ತವೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಸ್ತಂಭ ಶಾಸನವು ಕದಂಬ ದೊರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ವಿಷಯವನ್ನು ತಿಳಿಸುತ್ತದೆ. ಐದನೆಯ ಶತಮಾನದಿಂದಲೂ ಈ ಸೀಮೆ ಕೆರೆ ನಂಬಿ ಬಾಳಿದೆ. ಭತ್ತ ಹಾಲು ತುಂಬಿ ಬಲಿತ ಮೇಲೆ ಗದ್ದೆಗೆ ನೀರು ಬೇಕಾಗಿಲ್ಲ. ಆಗಲೂ ತೂಬಿನಿಂದ ಹರಿಯುವ ನೀರು ವ್ಯರ್ಥವೇ. ಅಚ್ಚುಕಟ್ಟಿನ ರೈತರು ನವೆಂಬರಿನಲ್ಲಿ ಒಂದು ದಿನ ಸೇರಿ ತೂಬಿನ ಸೋರಿಕೆ ಕಟ್ಟಿ, ಏರಿಯ ಮೇಲೆ ಬೆಳೆದ ಗಿಡಗಳನ್ನು ತೆಗೆದು, ಬೇಸಿಗೆಗೆ ಎಷ್ಟು ನೀರು ಉಳಿಸಬೇಕೆಂದು ನಿರ್ಣಯಿಸುವುದು ಸೂಕ್ತ. ಕೆರೆಗೇ ನೇರವಾಗಿ ಪಂಪು ಇಟ್ಟು ಒಬ್ಬಿಬ್ಬರು ನೀರೆತ್ತಿದರೆ ಸುತ್ತಲಿನ ಎಲ್ಲ ಬಾವಿಗಳಿಗೂ ಅದರ ಪರಿಣಾಮ ತಟ್ಟುತ್ತದೆ.

ಮಳೆ ನಕ್ಷತ್ರವಾರು ಕೆಲಸಗಳು

ಹಸ್ತ (ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗ): ಅಡಿಕೆಗೆ ಎರಡನೆಯ ಕಂತಿನ ಗೊಬ್ಬರ ಆರಂಭ, ತರಕಾರಿ ಸಸಿಮಡಿ ಸಿದ್ಧತೆ.

ಚಿತ್ತಾ (ಅಕ್ಟೋಬರ್ ನಡುವಿನಿಂದ): ಗೊಬ್ಬರ ಮುಗಿಸುವುದು, ಕಳೆ ತೆಗೆಯುವುದು, ಮಾವಿಗೆ ನೀರು ನಿಲ್ಲಿಸುವುದು.

ಸ್ವಾತಿ (ಅಕ್ಟೋಬರ್ ಕೊನೆಯಿಂದ): ಬಸಿಗಾಲುವೆಗೆ ಅಡ್ಡಗಟ್ಟು, ಹಗುರ ಅಗೆತ, ಸೊಪ್ಪು ತರಕಾರಿ ಬಿತ್ತನೆ.

ವಿಶಾಖಾ (ನವೆಂಬರ್ ಮೊದಲ ವಾರದಿಂದ): ಹೊದಿಕೆ ಮುಗಿಸುವುದು, ಕಾಂಡಕ್ಕೆ ಬಿಸಿಲು ತಡೆ, ರೋಗದ ಕೊನೆಗಳ ವಿಲೇವಾರಿ, ಕೆರೆಯ ತೂಬಿನ ದುರಸ್ತಿ.

ಅನುರಾಧಾ ಮತ್ತು ಜ್ಯೇಷ್ಠಾ (ನವೆಂಬರ್ ಮೂರನೆಯ ವಾರದಿಂದ ಡಿಸೆಂಬರ್ ನಡುವಿನವರೆಗೆ): ಮಣ್ಣು ನೋಡಿ ಮೊದಲ ನೀರು, ಅಡಿಕೆ ಸಂಸ್ಕರಣೆ, ಬೀಜದ ಆಯ್ಕೆ.

ಮೂಲಾ (ಡಿಸೆಂಬರ್ ಎರಡನೆಯ ಭಾಗ): ಕಾಳುಮೆಣಸಿನ ಕೊಯ್ಲು, ಶುಂಠಿ ಅಗೆತ, ಮಾವಿನ ಹೂವಿಗೆ ಜಿಗಿಹುಳು ಬಂದಿದೆಯೇ ಎಂಬ ಪರೀಕ್ಷೆ.

ಈ ಎಲ್ಲ ಕೆಲಸಗಳನ್ನೂ ಒಂದೇ ವರ್ಷ ಪೂರ್ತಿ ಮಾಡಲು ಆಳು ಸಾಲದಿದ್ದರೆ ಮೊದಲು ಅಡ್ಡಗಟ್ಟು ಮತ್ತು ಹೊದಿಕೆಯನ್ನು ಕೈಗೊಳ್ಳಬೇಕು. ಇವೆರಡಕ್ಕೆ ಪೇಟೆಯಿಂದ ಕೊಂಡು ತರಬೇಕಾದ ವಸ್ತು ಯಾವುದೂ ಇಲ್ಲ. ಮಣ್ಣು ತೋಟದ್ದೇ, ಸೋಗೆಯೂ ತೋಟದ್ದೇ. ಬೇಕಾದುದು ಸಕಾಲದಲ್ಲಿ ಸಲಿಕೆ ಹಿಡಿಯುವ ಎರಡು ಕೈಗಳು ಮಾತ್ರ. ಕಾರ್ತಿಕದಲ್ಲಿ ನೆಲದಲ್ಲಿ ಉಳಿಸಿದ ನೀರೇ ಚೈತ್ರದಲ್ಲಿ ಮರವನ್ನು ಉಳಿಸುತ್ತದೆ ಎಂಬುದನ್ನು ರೈತರು ನೆನಪಿನಲ್ಲಿಟ್ಟು ಕೆಲಸ ಮಾಡಿದರೆ ತೋಟ ಮುಂದಿನ ಮುಂಗಾರನ್ನು ಹಸಿರಾಗಿಯೇ ಕಾಣುತ್ತದೆ.